ಮಾರುವ ಮನೆಯ ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 40×60 ಅಡಿ ನಿವೇಶನದಲ್ಲಿರುವ ನಮ್ಮ ಹಳೆಯ ಮನೆಯನ್ನು ಬರುವ ಶ್ರಾವಣದಲ್ಲಿ ಮಾರಾಟಕ್ಕೆ ಇಡಬೇಕೆಂದಿದ್ದೇವೆ. ಮನೆಯ ಮುಂದೆಯೂ ಹಿತ್ತಲಲ್ಲಿಯೂ ನಮ್ಮ ಅತ್ತೆಯವರು ಮೂವತ್ತು ವರ್ಷ ಬೆಳೆಸಿದ ತೋಟವಿದೆ. ಒಂದು ಸಂಪಿಗೆ ಮರ, ಎರಡು ತೆಂಗು, ದಾಸವಾಳ, ಮಲ್ಲಿಗೆ ಚಪ್ಪರ, ಕರಿಬೇವು ಮತ್ತು ತುಳಸಿಕಟ್ಟೆ ಇವೆ. ಅವರು ತೀರಿಕೊಂಡ ಮೇಲೆ ಎರಡು ವರ್ಷ ಯಾರೂ ಕೈಹಾಕದೆ ಎಲ್ಲವೂ ಕಾಡಿನಂತೆ ಬೆಳೆದುನಿಂತಿದೆ. ಎಲ್ಲವನ್ನೂ ತೆಗೆಸಿ, ಮುಂದೆ ಹುಲ್ಲುಹಾಸು, ಸುತ್ತಲೂ ಟೈಲ್ಸ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ದಲ್ಲಾಳಿ ಹೇಳುತ್ತಾರೆ. ಹಾಗೆ ಮಾಡಬೇಕೇ? ಅತ್ತೆಯವರ ಸಂಪಿಗೆಯನ್ನು ನಮ್ಮೊಂದಿಗೆ ಒಯ್ಯಲು ದಾರಿಯಿದೆಯೇ?

ಉತ್ತರ: ದಯವಿಟ್ಟು ಎಲ್ಲವನ್ನೂ ತೆಗೆಸಬೇಡಿ. ಹೊಸ ತೋಟ ಮಾಡುವುದೂ ಈಗ ಬೇಡ. ಇರುವ ತೋಟ ಕಣ್ಣಿಗೆ ಬೀಳುವಂತೆ ಮಾಡಿದರೆ ಸಾಕು. ಮೂವತ್ತು ವರ್ಷದ ಸಂಪಿಗೆಯನ್ನು, ಕಾಯಿ ಬಿಡುವ ತೆಂಗನ್ನು ಯಾವ ನರ್ಸರಿಯೂ ಮಾರುವುದಿಲ್ಲ. ಹುಲ್ಲುಹಾಸನ್ನಾದರೆ ಕೊಳ್ಳುವವರು ತಮಗೆ ಬೇಕಾದಾಗ ತಾವೇ ಹಾಕಿಸಿಕೊಳ್ಳಬಲ್ಲರು. ಅದೂ ಅಲ್ಲದೆ, ಮೆಕ್ಸಿಕನ್ ಹುಲ್ಲಿಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕಾಗುವುದರಿಂದ, ಸಂಪಿಗೆಯ ನೆರಳಿನಲ್ಲಿ ಹಾಸಿದ ಹುಲ್ಲು ಮಳೆಗಾಲದ ಮೋಡದಲ್ಲಿ ಹಳದಿಯಾಗಿ, ಮನೆ ನೋಡಲು ಜನ ಬರುವ ಹೊತ್ತಿಗೆ ತೇಪೆ ಹಾಕಿದ ಬಟ್ಟೆಯಂತೆ ಕಾಣುವ ಸಂಭವವೇ ಹೆಚ್ಚು.

ಆಷಾಢದಲ್ಲಿ ಮನೆಗೆ ಮುಂಗಡ ಕೊಡಲು ನಮ್ಮಲ್ಲಿ ಹೆಚ್ಚಿನವರು ಹಿಂಜರಿಯುತ್ತಾರೆ. ಆ ಒಂದು ತಿಂಗಳು ನಿಮ್ಮ ಕೆಲಸಕ್ಕೆ ದೊರೆತ ಬಿಡುವು ಎಂದು ತಿಳಿಯಿರಿ. ಗೇಟಿನಿಂದ ಬಾಗಿಲವರೆಗಿನ ದಾರಿಯನ್ನು ಮೊದಲು ಹಿಡಿಯಿರಿ. ಮನೆ ನೋಡಲು ಬಂದವರು ಸಂಪಿಗೆಗಿಂತ ಮುಂಚೆ ಕಾಲಿನ ಕೆಳಗಿನ ಪಾಚಿಯನ್ನು ಗಮನಿಸುತ್ತಾರೆ. ಜಾರಿ ಬಿದ್ದರಂತೂ ಮತ್ತೇನನ್ನೂ ನೋಡುವ ಮನಸ್ಸು ಅವರಿಗಿರುವುದಿಲ್ಲ. ಬ್ಲೀಚಿಂಗ್ ಪುಡಿ ಎರಚಿ, ಒರಟು ಬ್ರಷ್‌ನಿಂದ ಉಜ್ಜಿಸಿ, ಆ ನೀರು ಗಿಡದ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಮುಂದಿನ ಅಂಗಳದಲ್ಲಿ ಕಾರು ನಿಲ್ಲುವಷ್ಟು ಜಾಗವಿದ್ದರೆ ಅದು ತೆರವಾಗಿ ಕಾಣಲಿ. ಇಂದು ಈ ಬಡಾವಣೆಗಳಲ್ಲಿ ಮನೆ ಕೊಳ್ಳುವವರು ತಪ್ಪದೆ ಕೇಳುವ ಪ್ರಶ್ನೆ ಅದು.

ಅನಂತರ ಗೋಡೆಯ ಬುಡ. ಹಳೆಯ ತೋಟಗಳಲ್ಲಿ ವರ್ಷವರ್ಷವೂ ಹಾಕಿದ ಮಣ್ಣು ಮತ್ತು ಗೊಬ್ಬರ ಗೋಡೆಗೆ ಒತ್ತಿಕೊಂಡು ಮೇಲೇರಿರುತ್ತವೆ. ಮಳೆಯ ನೀರು ಅಲ್ಲಿ ನಿಂತು ಒಳಗಿನ ಗೋಡೆಯಲ್ಲಿ ತೇವ ಕಾಣಿಸಿಕೊಳ್ಳುತ್ತದೆ. ಮಣ್ಣನ್ನು ತಳಪಾಯದ ಮೇಲಂಚಿನಿಂದ ಅರ್ಧ ಅಡಿಯಾದರೂ ಕೆಳಕ್ಕೆ ಇಳಿಸಿ, ನೀರು ಮನೆಯಿಂದ ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿಸಿ. ತೇವ ಬಂದ ಗೋಡೆಯ ಮುಂದೆ ಹೂಕುಂಡಗಳ ಸಾಲು ನಿಲ್ಲಿಸಿ ಅದನ್ನು ಮರೆಮಾಡುವವರನ್ನು ಬಹಳ ಕಡೆ ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ತಿಳಿಯದಂತಹ, ಆದರೆ ಮಾರುವವರಿಗೆ ತಿಳಿದಿರುವ ಮುಖ್ಯ ದೋಷವನ್ನು ಅವರಿಗೆ ಹೇಳಬೇಕಾದದ್ದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನ ಪ್ರಕಾರ ಮಾರುವವರ ಕರ್ತವ್ಯ. ಕಾನೂನು ಹಾಗಿರಲಿ, ಆ ಮನೆಯಲ್ಲಿ ಮುಂದೆ ಬಾಳುವ ಕುಟುಂಬಕ್ಕೆ ನಿಜ ಹೇಳಿಯೇ ಮನೆ ಒಪ್ಪಿಸುವುದು ಸರಿ.

ಗಿಡಗಳ ವಿಷಯದಲ್ಲಿ ಕತ್ತರಿಗೆ ಅವಸರ ಬೇಡ. ದಾಸವಾಳವನ್ನು ಮೂರನೆಯ ಒಂದು ಭಾಗದಷ್ಟು ಈಗಲೇ ಕತ್ತರಿಸಬಹುದು. ಆರೆಂಟು ವಾರಗಳಲ್ಲಿ ಹೊಸ ಚಿಗುರು ಒಡೆದು ಹೂವಿಗೆ ಬರುತ್ತದೆ. ಮಲ್ಲಿಗೆಯನ್ನು ಮಾತ್ರ ಈಗ ಬೋಳಿಸಬಾರದು, ಏಕೆಂದರೆ ಅದರ ಸವರುವಿಕೆಯ ಕಾಲ ಚಳಿಗಾಲ. ಒಣಗಿದ ಬಳ್ಳಿಯನ್ನಷ್ಟೇ ಬಿಡಿಸಿ, ಚಪ್ಪರದ ಕೊಳೆತ ಗಳುಗಳನ್ನು ಬದಲಿಸಿ. ತೆಂಗಿನ ಒಣ ಗರಿಗಳನ್ನು, ಬಲಿತ ಕಾಯಿಗಳನ್ನು ಇಳಿಸಿಬಿಡಿ; ಮನೆ ನೋಡಲು ಬಂದವರ ಜೊತೆ ಮಕ್ಕಳಿರುತ್ತಾರೆ. ಸಂಪಿಗೆಯ ಕೆಳಗಿನ ಒಣ ಟೊಂಗೆಗಳನ್ನು ತೆಗೆಸಿ ಕಿಟಕಿಗಳಿಗೆ ಬೆಳಕು ಬರುವಂತೆ ಮಾಡಿದರೆ ಮನೆಯ ಒಳಗೂ ವ್ಯತ್ಯಾಸ ತಿಳಿಯುತ್ತದೆ. ಕಾಂಗ್ರೆಸ್ ಗಿಡವನ್ನು ಹೂಬಿಡುವ ಮುನ್ನ, ಮಣ್ಣು ಒದ್ದೆಯಿರುವಾಗ, ಕೈಗೆ ಗ್ಲೌಸ್ ಹಾಕಿಕೊಂಡು ಬೇರುಸಹಿತ ಕೀಳಿಸಿ. ಕುಂಡಗಳ ಅಡಿತಟ್ಟೆಗಳಲ್ಲಿ, ಒಡೆದ ಮಡಕೆಗಳಲ್ಲಿ, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಒಂದು ವಾರದಿಂದ ಹತ್ತು ದಿನಗಳಲ್ಲಿ ಸೊಳ್ಳೆಯಾಗುತ್ತದೆ.

ಹೂವಿನ ಬಣ್ಣ ಬೇಕೆಂದರೆ ಬೀಜ ಬಿತ್ತಿ ಕಾಯಬೇಡಿ. ಶ್ರಾವಣ ಹುಟ್ಟಿದ ಮೇಲೆ ಮೊಗ್ಗು ಬಂದಿರುವ ಹತ್ತು ಹನ್ನೆರಡು ಚೆಂಡುಹೂವಿನ ಗಿಡಗಳನ್ನು ತಂದು ಬಾಗಿಲ ಬಳಿಯ ಪಾತಿಯಲ್ಲಿ ಒಟ್ಟಾಗಿ ನೆಡಿ. ಅಲ್ಲೊಂದು ಇಲ್ಲೊಂದು ಚದುರಿಸಿದರೆ ಅವು ಕಾಣುವುದೇ ಇಲ್ಲ.

ಇನ್ನು ಸಂಪಿಗೆ. ಮರವನ್ನೇ ಒಯ್ಯುವುದು ಆಗದ ಮಾತು, ಆದರೆ ಅದರ ಕುಡಿಯನ್ನು ಒಯ್ಯಬಹುದು. ಮಳೆಗಾಲವೇ ಗೂಟಿ ಕಟ್ಟುವ, ಎಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವ ಕಾಲ. ಪೆನ್ಸಿಲ್ ದಪ್ಪದ ಆರೋಗ್ಯವಂತ ಕೊಂಬೆಯ ಸುತ್ತ ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಬಿಡಿಸಿ, ಬೇರು ಬರಿಸುವ ಪುಡಿ ಸವರಿ, ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಬೇಕು. ಬೇರು ಬರಲು ಎರಡು ತಿಂಗಳಾದರೂ ಬೇಕು. ಸಂಪಿಗೆ ಸುಲಭವಾಗಿ ಒಲಿಯುವ ಮರವಲ್ಲ; ಆದ್ದರಿಂದ ಐದಾರು ಕೊಂಬೆಗಳಿಗೆ ಕಟ್ಟಿ, ಎರಡು ಉಳಿದರೂ ನಿಮ್ಮ ಶ್ರಮ ಸಾರ್ಥಕ. ದಾಸವಾಳ, ಮಲ್ಲಿಗೆಗಳ ಕಡ್ಡಿಗಳು ಈ ತೇವದಲ್ಲಿ ತಾವಾಗಿಯೇ ಚಿಗುರುತ್ತವೆ. ತುಳಸಿಯ ಒಣಗಿದ ಕದಿರನ್ನು ಒಂದು ಕಾಗದದಲ್ಲಿ ಕಟ್ಟಿಟ್ಟುಕೊಂಡು, ಕಟ್ಟೆಯನ್ನು ಗಿಡದ ಸಮೇತ ಇಲ್ಲಿಯೇ ಬಿಡಿ. ನೆಲದಲ್ಲಿ ಬೇರೂರಿದ ಗಿಡಮರಗಳು, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ನಿವೇಶನದೊಂದಿಗೆ ಕೊಂಡವರಿಗೇ ಸೇರುತ್ತವೆ. ಆದ್ದರಿಂದ ಯಾವುದಾದರೂ ಗಿಡವನ್ನು ಕಿತ್ತು ಒಯ್ಯುವುದಿದ್ದರೆ, ಕರಾರಿನ ವೇಳೆಗೆ ಗೂಟಿ ಇನ್ನೂ ಮರದ ಮೇಲೆಯೇ ಇದ್ದರೆ, ಅದನ್ನು ಕ್ರಯದ ಕರಾರಿನಲ್ಲಿ ಒಂದು ಸಾಲು ಬರೆಸಿಬಿಡಿ.

ಪ್ರಶ್ನೆ: ಧಾರವಾಡದಲ್ಲಿರುವ ನಮ್ಮ ತಂದೆಯವರ ಮನೆಯ ಕಾಂಪೌಂಡಿನಲ್ಲಿ ದೊಡ್ಡ ಆಪೂಸ್ ಮಾವಿನ ಮರವಿದೆ. ಮನೆ ನೋಡಲು ಬಂದ ಇಬ್ಬರು, ಮರ ತೆಗೆಸಿಕೊಟ್ಟರೆ ಮಾತ್ರ ವ್ಯವಹಾರ ಎಂದಿದ್ದಾರೆ. ಕೊಂಬೆಗಳು ನೆರೆಯವರ ತಾರಸಿಯ ಮೇಲೂ ಚಾಚಿವೆ. ಏನು ಮಾಡಬೇಕು?

ಉತ್ತರ: ಮುಂಗಡವೂ ಕೊಡದವರ ಮಾತಿಗೆ ಮರ ಉರುಳಿಸಬೇಡಿ, ಅವರು ನಾಳೆ ಮನಸ್ಸು ಬದಲಿಸಿದರೆ ನಿಮಗೆ ಮನೆಯ ಹಣವೂ ಇಲ್ಲ, ಮರವೂ ಇಲ್ಲ. ಸ್ವಂತ ಜಾಗದ ಮರವಾದರೂ ಇಷ್ಟಬಂದಂತೆ ಕಡಿಯಲಾಗದು ಎಂಬುದನ್ನೂ ಅವರಿಗೆ ತಿಳಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ತೆಂಗಿನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರದ ವಿಷಯವನ್ನು ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳದೆ ಕೊಡಲಿಯವರನ್ನು ಕರೆಸಬೇಡಿ.

ಆಪೂಸ್ ಕಾಯಿ ಮುಗಿದಿರುವ ಈ ದಿನಗಳು ಮಾವನ್ನು ಸವರಲು ತಕ್ಕ ಸಮಯ. ನೆರೆಯವರ ತಾರಸಿಗೆ ಹೋದ ಕೊಂಬೆಗಳನ್ನು ಅವರಿಗೆ ತಿಳಿಸಿ ತೆಗೆಸಿ. ಮಾರುವ ಹೊತ್ತಿನಲ್ಲಿ ನೆರೆಯವರ ಬಾಯಿಂದ ಬರುವ ಒಂದು ಒಳ್ಳೆಯ ಮಾತಿಗೆ ಬಹಳ ತೂಕವಿದೆ. ಮರದ ನಡುವೆ ಒತ್ತೊತ್ತಾಗಿ ಬೆಳೆದ ಟೊಂಗೆಗಳನ್ನು ಬಿಡಿಸಿದರೆ ಅಂಗಳಕ್ಕೆ ಬಿಸಿಲು ಇಳಿಯುತ್ತದೆ. ಮರ ಬೇಡವೆಂದವರ ನಿಜವಾದ ದೂರು ಬಹುಮಟ್ಟಿಗೆ ಕತ್ತಲೆ ಮತ್ತು ಉದುರೆಲೆಯದೇ ಆಗಿರುತ್ತದೆ. ಕಡಿದ ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ) ಹಚ್ಚಿಸಿ, ಒಂದು ವಾರ ಬಿಟ್ಟು, ಬೆಳಗಿನ ಹೊತ್ತಿನಲ್ಲಿ ಅದೇ ಇಬ್ಬರನ್ನು ಮತ್ತೊಮ್ಮೆ ಮನೆ ನೋಡಲು ಕರೆಯಿರಿ.