ಕೌಂಟಿಯ ಶಾರ್ಟ್ ಮ್ಯಾಟ್ ಬೌಲ್ಸ್ ಸ್ಪರ್ಧೆಗೆ ಹೊಸಬರು ಸಿಂಗಲ್ಸ್‌ನಲ್ಲಿ ಹೆಸರು ಕೊಡುವುದು ಸರಿಯೇ?

ಬೇರೆಯವರ ಆಟ ಕೆಡಿಸಬಾರದೆಂದು ಸಿಂಗಲ್ಸ್ ಆಡುತ್ತೇನೆ ಎಂದಿದ್ದೀರಿ. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾನು ಹಾಕಿದ ಲೆಕ್ಕವೂ ಇದೇ. ಜಾಕ್ ಎಂಬ ಸಣ್ಣ ಚೆಂಡಿನ ಹತ್ತಿರಕ್ಕೆ ಬೌಲ್ ಎಂಬ ದೊಡ್ಡ ಚೆಂಡುಗಳನ್ನು ಉರುಳಿಸುವ ಆಟ ಇದು; ಎದುರಾಳಿಯ ಅತಿ ಹತ್ತಿರದ ಬೌಲಿಗಿಂತ ಹತ್ತಿರವಿರುವ ಪ್ರತಿ ಬೌಲಿಗೂ ಒಂದು ಅಂಕ. ಚಳಿಗಾಲದ ಸಂಜೆ ಹಳ್ಳಿಯ ಸಭಾಭವನದಲ್ಲಿ ಮ್ಯಾಟ್ ಹಾಸಿ ಆಡುವವರೆಲ್ಲ ನಿವೃತ್ತರು, ಪಳಗಿದವರು. ನಾಲ್ವರ ತಂಡದಲ್ಲಿ ಮುಖ ಕೆಡಿಸಿಕೊಳ್ಳುವ ಬದಲು ಒಬ್ಬನೇ ಸೋಲೋಣವೆಂದು ಕೌಂಟಿ ಸಂಘದ ಸಿಂಗಲ್ಸ್‌ಗೆ ಅರ್ಜಿ ತುಂಬಿದೆ.

ಮೊದಲ ಪಂದ್ಯ, ಕೊನೆಯ ಎಂಡ್ (ಎಲ್ಲ ಬೌಲ್‌ಗಳನ್ನೂ ಉರುಳಿಸುವ ಒಂದು ಸುತ್ತು). ನಾನು ಒಂದು ಅಂಕ ಮುಂದಿದ್ದೆ. ಎದುರಾಳಿಯ ಬೌಲ್‌ಗಳು ಮುಗಿದಿದ್ದವು, ನನ್ನದೊಂದು ಬಾಕಿ. ಜಾಕ್‌ಗೆ ಎಲ್ಲಕ್ಕಿಂತ ಹತ್ತಿರವಿದ್ದದ್ದೂ ನನ್ನದೇ. ಅಂದರೆ ಪಂದ್ಯ ಗೆದ್ದಾಗಿತ್ತು. ಉಳಿದ ಬೌಲನ್ನು ಮೆಲ್ಲಗೆ ಅಂಚಿನತ್ತ ಉರುಳಿಸಿ, ಕೈ ಕುಲುಕಿ, ಚಹಾ ಕುಡಿಯಬಹುದಿತ್ತು.

ನಾನು ಅದನ್ನು ಜೋರಾಗಿ ಬಿಟ್ಟೆ. ನನ್ನ ಬೌಲಿನ ಪಕ್ಕದಲ್ಲಿ ಎದುರಾಳಿಯದೊಂದು ಕುಳಿತಿತ್ತು. ಅದನ್ನು ಎಬ್ಬಿಸಿದರೆ ಇನ್ನೊಂದು ಅಂಕ ಸಿಗುತ್ತದೆ ಎಂಬ ಆಸೆ. ಗೋಲಿ ಆಡಿ ಬೆಳೆದ ಕೈ, ಹೊಡೆಯದೆ ಬಿಡುವುದೆಂದರೆ ಅದಕ್ಕೆ ಅವಮಾನ. ಆದರೆ ಈ ಮ್ಯಾಟ್ 40ರಿಂದ 45 ಅಡಿ ಉದ್ದ, ಅಗಲ ಆರೇ ಅಡಿ, ನಟ್ಟನಡುವೆ ಸುಮಾರು 15 ಇಂಚು ಅಗಲದ ಮರದ ತಡೆ. ನೇರವಾಗಿ ಹೊಡೆಯಲು ಯಾರಿಗೂ ಆಗಬಾರದೆಂದೇ ಅದನ್ನು ಇಟ್ಟಿದ್ದಾರೆ. ಬೌಲ್ ಅದರ ಪಕ್ಕದಿಂದ ಸುತ್ತಿ ಹೋಗಿ, ವೇಗ ಇಳಿದಂತೆ ಒಳಕ್ಕೆ ಬಾಗಬೇಕು. ವೇಗ ಹೆಚ್ಚಿದ್ದರಿಂದ ನನ್ನದು ಸಾಕಷ್ಟು ಬಾಗಲಿಲ್ಲ. ನನ್ನದೇ ಬೌಲಿಗೆ ಬಡಿಯಿತು, ಅದು ಜಾಕನ್ನು ತಳ್ಳಿತು, ಜಾಕ್ ಹಿಂದಕ್ಕೆ ಹೋಗಿ ಎದುರಾಳಿಯ ಎರಡು ಬೌಲ್‌ಗಳ ನಡುವೆ ನಿಂತಿತು. ಅವೆರಡೂ ದೂರ ಹೋಗಿ ವ್ಯರ್ಥವಾದವೆಂದು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರಿಗೆ ಎರಡು ಅಂಕ. ಒಂದರಿಂದ ಸೋತೆ.

ಕೈ ತಪ್ಪಿತೆಂದು ಸಮಾಧಾನ ಹೇಳಿದವರಿದ್ದಾರೆ. ಅಲ್ಲ. ಗುರಿ ಸರಿಯಾಗಿ ತಾಗಿದ್ದರೂ ಆ ಹೊಡೆತ ಮೂರ್ಖತನವೇ. ಗೆಲ್ಲಲು ಬೇಕಿಲ್ಲದ ಅಂಕಕ್ಕಾಗಿ ಗೆದ್ದ ಪಂದ್ಯವನ್ನು ಪಣಕ್ಕಿಟ್ಟಿದ್ದೆ, ಹಿಂದೆ ಏನಿದೆ ಎಂದೂ ನೋಡದೆ.

ನಾಲ್ವರ ಆಟವಾಗಿದ್ದರೆ ಆ ತುದಿಯಲ್ಲಿ ನಿಂತ ಸ್ಕಿಪ್, ಅಂದರೆ ತಂಡದ ನಾಯಕರು, ಅಲ್ಲಿಂದಲೇ ಕೈ ಅಡ್ಡ ಆಡಿಸುತ್ತಿದ್ದರು. ಆದ್ದರಿಂದ ನಿಮ್ಮ ಎಣಿಕೆಯೇ ತಲೆಕೆಳಗು. ನಾಲ್ವರಲ್ಲಿ ಲೀಡ್, ಅಂದರೆ ಮೊದಲು ಆಡುವವರಿಗೆ ಎರಡೇ ಬೌಲ್. ಜಾಕ್ ಹತ್ತಿರಕ್ಕೆ ಉರುಳಿಸಿದರೆ ಕೆಲಸ ಮುಗಿಯಿತು. ಕೆಟ್ಟರೆ ಸರಿಪಡಿಸಲು ಹಿಂದೆ ಮೂವರಿದ್ದಾರೆ. ಸಿಂಗಲ್ಸ್‌ನಲ್ಲಿ ನಿಮ್ಮ ತಪ್ಪನ್ನು ಮುಚ್ಚುವವರು ಯಾರೂ ಇಲ್ಲ.

2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದದ್ದೂ ನಾಲ್ವರ ಆಟದಲ್ಲೇ. ಲವ್ಲಿ ಚೌಬೆ ಲೀಡ್, ರೂಪಾ ರಾಣಿ ಟಿರ್ಕಿ ಸ್ಕಿಪ್. (ಅದು ಲಾನ್ ಬೌಲ್ಸ್, ಹುಲ್ಲಿನ ಮೇಲಿನ ಆಟ, ನಮ್ಮದು ಬೇರೆ ಎಂದು ಊರಿನವರಿಗೆ ಹೇಳಿ ಹೇಳಿ ಸಾಕಾಗಿದೆ.)

ಪೇರ್ಸ್ (ಇಬ್ಬರ ತಂಡ), ಟ್ರಿಪಲ್ಸ್ (ಮೂವರ ತಂಡ) ಬಗ್ಗೆಯೂ ಕೇಳಿದ್ದೀರಿ. ಟ್ರಿಪಲ್ಸ್ ಪರವಾಗಿಲ್ಲ, ಪೇರ್ಸ್ ಮುಂದಿನ ವರ್ಷಕ್ಕಿರಲಿ. ಕೌಂಟಿಯಲ್ಲಿ ಗೆದ್ದವರು ರಾಷ್ಟ್ರೀಯ ಹಂತಕ್ಕೆ ಹೋಗುತ್ತಾರೆಂಬ ವಿಷಯವನ್ನು ಸದ್ಯಕ್ಕೆ ಮರೆತುಬಿಡಿ. ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಹೋಗಿ, ಲೀಡ್ ಬೇಕಿರುವ ತಂಡ ಯಾವುದಾದರೂ ಇದೆಯೇ ಎಂದು ವಿಚಾರಿಸಿ. ಅಂಥದ್ದೊಂದು ಇದ್ದೇ ಇರುತ್ತದೆ.

ಸ್ವಂತ ಬೌಲ್‌ಗಳನ್ನು ಈಗಲೇ ಕೊಳ್ಳಬೇಡಿ. ಕ್ಲಬ್ಬಿನಲ್ಲಿರುವ ಬೇರೆ ಬೇರೆ ಅಳತೆಯವನ್ನು ಹಿಡಿದು ನೋಡಿ. ಕೈಗೆ ಒಗ್ಗುವುದು ಯಾವುದೆಂದು ತಿಳಿದ ಮೇಲೆ ಯಾರಾದರೂ ಮಾರುವ ಹಳೆಯ ಸೆಟ್ಟೇ ಸಾಕು. ಚಪ್ಪಟೆ ಅಡಿಯ ಶೂ ಮಾತ್ರ ಮೊದಲೇ ತಂದಿಟ್ಟುಕೊಳ್ಳಿ.