ವೈಫೈ 866 ತೋರಿಸುತ್ತದೆ, ಸ್ಪೀಡ್ ಟೆಸ್ಟ್ 94 ತೋರಿಸುತ್ತದೆ, ಯಾವುದು ನಿಜ?

ಎರಡೂ ನಿಜ. ನಿಮ್ಮ ಪ್ಲಾನ್ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಲ್ಯಾಪ್‌ಟಾಪ್‌ನ ವೈಫೈ ಸೆಟ್ಟಿಂಗ್‌ನಲ್ಲಿ 866 ಎಂದು ಕಾಣುತ್ತದೆ, ಟೆಸ್ಟ್ ಮಾಡಿದರೆ 94 ದಾಟುವುದೇ ಇಲ್ಲ, ಹಾಗಾದರೆ ಹೊಸ ರೂಟರ್ ತಗೊಂಡರೆ ನೆಟ್ ಜೋರಾಗುತ್ತದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ದಯವಿಟ್ಟು ಸುಮ್ನೆ ದುಡ್ಡು ಹಾಕಬೇಡಿ.

ಆ 866 ನಿಮ್ಮ ಲ್ಯಾಪ್‌ಟಾಪ್‌ಗೂ ರೂಟರ್‌ಗೂ ನಡುವಿನ ಲೆಕ್ಕ ಅಷ್ಟೇ. ರೂಟರ್‌ನಿಂದ ಆಚೆ ಏನಿದೆ ಎಂಬುದು ಅದಕ್ಕೆ ಸಂಬಂಧವೇ ಇಲ್ಲ. ಹೊರಗಿನಿಂದ ರೂಟರ್‌ಗೆ ಬರುವ ಲ್ಯಾನ್ ಕೇಬಲ್ ತೆಗೆದು ನೋಡಿ, ನೆಟ್ ಪೂರ್ತಿ ನಿಂತರೂ ವೈಫೈ 866 ಎಂದೇ ತೋರಿಸುತ್ತಿರುತ್ತದೆ. ಸ್ಪೀಡ್ ಟೆಸ್ಟ್ ಮಾತ್ರ ಇಡೀ ದಾರಿಯನ್ನು ಅಳೆಯುತ್ತದೆ, ಆ ದಾರಿಯಲ್ಲಿ ಎಲ್ಲಿ ಇಕ್ಕಟ್ಟಿದೆಯೋ ಅಷ್ಟೇ ವೇಗ ನಿಮಗೆ ಸಿಗುವುದು.

ಇನ್ನೊಂದು ವಿಷಯ, 866 ಅಂದರೆ ಪೂರ್ತಿ 866 ಕೈಗೆ ಬರುವುದಿಲ್ಲ. ರೂಟರ್ ಪಕ್ಕದಲ್ಲೇ ಕೂತರೂ ಸುಮಾರು ಅರ್ಧ, ತುಂಬಾ ಚೆನ್ನಾಗಿದ್ದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ವೈಫೈನಲ್ಲಿ ಕಳಿಸುವುದು, ಪಡೆಯುವುದು ಎರಡೂ ಒಂದೇ ಚಾನಲ್‌ನಲ್ಲಿ ನಡೆಯಬೇಕು. ಒಂದೇ ಕೋಣೆಯಲ್ಲಿ ಕೂತವರು ಸರದಿ ಮೇಲೆ ಮಾತಾಡಿದ ಹಾಗೆ, ಒಬ್ಬರು ಬಾಯಿಬಿಟ್ಟರೆ ಉಳಿದವರೆಲ್ಲ ಕಾಯಬೇಕು. ಅದರಲ್ಲೂ ದೂರದ ಕೋಣೆಯಲ್ಲಿ ಸಿಗ್ನಲ್ ಸರಿಯಿಲ್ಲದ ಒಂದು ಹಳೇ ಫೋನ್ ದೊಡ್ಡ ವಿಡಿಯೋ ಎಳೆಯುತ್ತಿದ್ದರೆ, ಅಷ್ಟೇ ಡೇಟಾಗೆ ಅದು ತುಂಬಾ ಹೊತ್ತು ಚಾನಲ್ ಹಿಡಿದುಕೊಂಡಿರುತ್ತದೆ, ಆಗ ಹತ್ತಿರದಲ್ಲಿರುವ ನಿಮ್ಮ ಒಳ್ಳೇ ಲ್ಯಾಪ್‌ಟಾಪ್ ಕೂಡ ನಿಧಾನವಾಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಕಂಪನಿಯವರಿಗೆ ಫೋನ್ ಮಾಡಿ ಬೈಯುತ್ತಾರೆ.

ಆದರೂ 866ರ ಅರ್ಧ ಹಿಡಿದರೂ 400ಕ್ಕಿಂತ ಮೇಲಾಯಿತು, ನಿಮ್ಮ ಪ್ಲಾನ್ ಇರುವುದು 100. ಅಂದರೆ ನಿಮ್ಮಲ್ಲಿ ವೈಫೈ ಅಡ್ಡ ಬರುತ್ತಿಲ್ಲ.

ಹಾಗಾದರೆ 100ರ ಬದಲು 94 ಯಾಕೆ? ಈ ಅಂಕಿ ನೋಡಿದ ತಕ್ಷಣ ನನಗೆ ರೂಟರ್‌ನ ಪೋರ್ಟ್ ಮೇಲೆ, ಅಂದರೆ ಕೇಬಲ್ ಚುಚ್ಚುವ ಕಿಂಡಿಯ ಮೇಲೆ ಅನುಮಾನ ಬರುತ್ತದೆ. 100 ಎಂಬಿಪಿಎಸ್‌ನ ಈಥರ್ನೆಟ್ ಪೋರ್ಟ್‌ನಲ್ಲಿ ಪ್ರತಿ ಪ್ಯಾಕೆಟ್‌ನ (ಡೇಟಾದ ಸಣ್ಣ ತುಂಡಿನ) ಜೊತೆ ಹೋಗುವ ವಿಳಾಸ ಮುಂತಾದ ಮಾಹಿತಿಯೂ ಜಾಗ ತಿನ್ನುತ್ತದೆ, ಉಳಿಯುವುದು 94, 95ರ ಆಸುಪಾಸು. ಈಗ ಇದರಿಂದ ನಿಮಗೆ ನಷ್ಟವೇನಿಲ್ಲ. ಆದರೆ ನಾಳೆ ಪ್ಲಾನ್ ಅನ್ನು 300ಕ್ಕೆ ಏರಿಸಿದರೂ ಅದೇ 94ರಲ್ಲೇ ನಿಲ್ಲುತ್ತೀರಿ, ನನಗೆ ಬೇಜಾರಾಗುವುದೇ ಇಲ್ಲಿ. ಡಬ್ಬದ ಮೇಲೆ ದೊಡ್ಡದಾಗಿ 1200 ಎಂದು ಬರೆದಿರುತ್ತಾರೆ, ಒಳಗಿನ ಪೋರ್ಟ್ ಮಾತ್ರ 100ರದು, ಹಾಗಿರುವ ರೂಟರ್‌ಗಳು ಬೇಕಾದಷ್ಟಿವೆ. ಆ 1200 ಕೂಡ ವೈಫೈನ ಎರಡು ರೇಡಿಯೋ ಬ್ಯಾಂಡ್‌ಗಳ, ಅಂದರೆ 2.4 ಗಿಗಾಹರ್ಟ್ಜ್‌ನ 300 ಮತ್ತು 5 ಗಿಗಾಹರ್ಟ್ಜ್‌ನ 867 ಕೂಡಿಸಿ, ಮೇಲಕ್ಕೆ ಸರಿಮಾಡಿ ಬರೆದದ್ದು. ನಿಮ್ಮ ಲ್ಯಾಪ್‌ಟಾಪ್ ಎರಡರಲ್ಲಿ ಒಂದನ್ನೇ ಹಿಡಿಯುತ್ತದೆ, ಅಲ್ವಾ? ಕೇಬಲ್ ಕೂಡ ನೋಡಿ, ಗಿಗಾಬಿಟ್‌ಗೆ (1000 ಎಂಬಿಪಿಎಸ್‌ಗೆ) ಒಳಗಿನ ಎಂಟೂ ತಂತಿ ಬೇಕು, ಒಂದು ತುಂಡಾಗಿದ್ದರೂ ವೇಗ 100ಕ್ಕೆ ಇಳಿಯಬಹುದು.

ವೈಫೈಯೇ ಅಡ್ಡ ಬರುವುದೂ ಉಂಟು. 2.4ರಲ್ಲಿರುವ ಸಾಧಾರಣ ಫೋನ್‌ನಲ್ಲಿ ಲಿಂಕ್ ಸ್ಪೀಡ್ (ನಿಮ್ಮ 866ರಂಥದೇ ಅಂಕಿ) 72 ಎಂದು ಇದ್ದರೆ, 100ರ ಪ್ಲಾನ್ ಇದ್ದರೂ ನಿಜವಾಗಿ ಸಿಗುವುದು 40ರ ಹತ್ತಿರ. ಆಗ 5 ಗಿಗಾಹರ್ಟ್ಜ್‌ಗೆ ಬದಲಿಸಿ. ಗೋಡೆಗಳ ಆಚೆ ಅದು ಬೇಗ ಸೋಲುತ್ತದೆ, ಹಾಗಾಗಿ ರೂಟರ್ ಅನ್ನು ಮನೆಯ ನಡುಭಾಗಕ್ಕೆ ತನ್ನಿ.

ಇಕ್ಕಟ್ಟು ಎಲ್ಲಿ ಎಂದು ತಿಳಿಯಲು ಮೊದಲು ಲ್ಯಾಪ್‌ಟಾಪ್ ಅನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಹಾಕಿ ಟೆಸ್ಟ್ ಮಾಡಿ, ಆಮೇಲೆ ರೂಟರ್ ಪಕ್ಕದಲ್ಲಿ ವೈಫೈನಲ್ಲಿ, ಕೊನೆಗೆ ನೀವು ಕೂರುವ ಜಾಗದಲ್ಲಿ. ಮೊದಲನೆಯದೇ ಕಡಿಮೆ ಬಂದರೆ ತೊಂದರೆ ಲೈನ್, ಪೋರ್ಟ್ ಅಥವಾ ಕೇಬಲ್‌ನದು, ಕೊನೆಯದು ಮಾತ್ರ ಕುಸಿದರೆ ವೈಫೈಯದು. ಡೌನ್‌ಲೋಡ್ ಆಗುವಾಗ 12 ಎಂಬಿ ಎಂದು ಕಂಡರೆ ಗಾಬರಿಯಾಗಬೇಡಿ, ಅದು ಬೈಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್.

ನಿಮ್ಮ ಜೋರು ವೈಫೈ ವ್ಯರ್ಥವೇನಲ್ಲ. ಮನೆಯೊಳಗೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೋಟೋ, ವಿಡಿಯೋ ಕಾಪಿ ಮಾಡುವಾಗ ಡೇಟಾ ಹೊರಗಿನ ಲೈನ್‌ಗೆ ಹೋಗುವುದೇ ಇಲ್ಲ, ಎರಡೂ ವೈಫೈನಲ್ಲಿದ್ದರೆ ಅಲ್ಲಿ 100ರ ಮಿತಿ ಇರುವುದಿಲ್ಲ.