“ಏನೂ ಅನ್ನಂಗಿಲ್ರೀ, ಕಣ್ಣಾಗ ಅಂತಾರ”

ಹೆಸರು ಬೇಡ. ಗುರುತು ಸಿಗದ ಹಾಗೆ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಐವತ್ತರ ಆಸುಪಾಸಿನವರು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಪೇಟೆಯಲ್ಲಿ ಸ್ವಂತ ಬಟ್ಟೆ ಅಂಗಡಿ ಇತ್ತು. ಸಾಲ ಜಾಸ್ತಿಯಾಗಿ ಮುಚ್ಚಿತು. ಈಗ ಅದೇ ಪೇಟೆಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಸೇಲ್ಸ್‌ಮನ್. ರಾತ್ರಿ ನಿದ್ದೆ ಮಾಡುವುದಿಲ್ಲ ಅಂತ ಹೆಂಡತಿ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು.

“ಎಲ್ಲಾರೂ ನನ್ನ ನೋಡಿ ಒಳಗೊಳಗ ನಗ್ತಾರ್ರೀ ಮೇಡಂ.”

“ಏನಂತಾರೆ?”

“ಏನೂ ಅನ್ನಂಗಿಲ್ರೀ. ಕಣ್ಣಾಗ ಅಂತಾರ.”

ಸಾಲದಲ್ಲಿ ಸಿಕ್ಕಿಕೊಂಡವರು ಬಂದಾಗ, ಸಾಯುವ ಯೋಚನೆ ಬರುತ್ತದಾ ಅಂತ ನಾನು ನೇರವಾಗಿಯೇ ಕೇಳುತ್ತೇನೆ. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ನಿದ್ದೆಯ ವಿಷಯಕ್ಕೆ ಮನೋವೈದ್ಯರ ಹತ್ತಿರವೂ ಕಳಿಸಿದೆ.

ಆಮೇಲೆ ಕಣ್ಣಿನ ಮಾತಿಗೆ ಬಂದೆವು. ಆ ಕಣ್ಣುಗಳು ಅನ್ನುವುದನ್ನು ನೀವು ಬಾಯಲ್ಲಿ ಹೇಳಿ ಅಂದೆ. ಅವರು ತಡಮಾಡಲೇ ಇಲ್ಲ: “ನೋಡ್ರಿ ಸಾವ್ಕಾರನ್ನ, ಮಂದಿ ಅಂಗಡ್ಯಾಗ ಸೀರಿ ಮಡಚಾಕತ್ತಾನ.”

ಇಷ್ಟು ಅಚ್ಚುಕಟ್ಟಾದ ಮಾತು ಯಾರ ಕಣ್ಣಲ್ಲೂ ಬರೆದಿರುವುದಿಲ್ಲ. ಇದನ್ನು ಮೊದಲು ಹೇಳಿದ್ದು ಯಾರು ಅಂತ ಕೇಳಿದೆ. ಸುಮ್ಮನಾದರು. ನಾನೂ ಒತ್ತಾಯ ಮಾಡಲಿಲ್ಲ.

ಒಂದು ಹಳೆಯ ಪ್ರಯೋಗದ ಕತೆ ಹೇಳಿದೆ. ಅಮೆರಿಕದ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಪ್ರಕಟಿಸಿದ್ದು. ಕೆಲವರ ಮುಖಕ್ಕೆ ಮೇಕಪ್ಪಿನಿಂದ ಗಾಯದ ಕಲೆ ಬರೆದು ಕನ್ನಡಿ ತೋರಿಸಿದರು. ಆಮೇಲೆ, ಕಲೆ ಬಿರಿಯದಿರಲಿ ಎಂದು ಕ್ರೀಮ್ ಹಚ್ಚುವ ನೆಪದಲ್ಲಿ ಅದನ್ನು ಒರೆಸಿಯೇಬಿಟ್ಟರು. ಇವರಿಗೆ ಗೊತ್ತಾಗಲಿಲ್ಲ. ಅಪರಿಚಿತರ ಜೊತೆ ಮಾತಾಡಿ ಬಂದು, ನನ್ನ ಕಲೆ ನೋಡಿ ಅವರು ಬಿಗಿಯಾದರು ಎಂದರು. ಕಲೆಯೇ ಇರಲಿಲ್ಲ, ಅಲ್ವಾ!

ಅವರು ನಗಲಿಲ್ಲ. “ನನ್ನ ಕಲಿ ಖರೇನ ಐತಲ್ರೀ” ಎಂದರು.

ಸರಿಯಾದ ಮಾತು. ಅಂಗಡಿ ಮುಚ್ಚಿದ್ದು ಸುಳ್ಳಲ್ಲ. ಬೀಗರೊಬ್ಬರು ಮದುವೆಮನೆಯಲ್ಲಿ ಚುಚ್ಚಿ ಮಾತಾಡಿದ್ದೂ ನಿಜ. ಯಾರೂ ಏನೂ ಅಂದುಕೊಂಡಿಲ್ಲ ಬಿಡಿ ಅಂತ ಸುಮ್ನೆ ಸಮಾಧಾನ ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲವೇನೋ. ಬಾಯಿಬಿಟ್ಟು ಅಂದವರಿಗೆ ಏನು ಉತ್ತರ ಕೊಡಬೇಕು ಅನ್ನುವುದನ್ನು ಬೇರೆಯಾಗಿಯೇ ಮಾತಾಡಿದೆವು.

ಬಾಯಿ ಬಿಡದವರ ಬಗ್ಗೆ ಒಂದು ಕೆಲಸ ಕೊಟ್ಟೆ. ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ಎಡಗಡೆ, ಫೋಟೊ ತೆಗೆದರೆ ಕಾಣುವಂಥದ್ದು ಮಾತ್ರ: ಹುಬ್ಬು ಗಂಟಿಕ್ಕಿದರು, ಆ ಕಡೆ ತಿರುಗಿದರು. ಬಲಗಡೆ, ತಾನು ಸೇರಿಸಿದ್ದು. ದಿನಕ್ಕೆ ಮೂರು ಸಾಕು. ಜೊತೆಗೆ ದಿನಾ ಒಬ್ಬರನ್ನಾದರೂ ತಾವಾಗಿಯೇ ಮಾತಾಡಿಸಬೇಕು. ಇವರು ತಲೆ ತಗ್ಗಿಸಿಕೊಂಡೇ ನಿಂತರೆ ಎದುರಿನವರೂ ಮಾತು ಕಡಿಮೆ ಮಾಡುತ್ತಾರೆ. ಇವರ ಲೆಕ್ಕದಲ್ಲಿ ಅದೂ ತಾತ್ಸಾರವೇ.

ಎರಡು ವಾರ ಬಿಟ್ಟು ಬಂದರು. ಎಡಗಡೆ ‘ಮುಖ ತಿರುಗಿಸಿದರು’ ಎಂದು ಬರೆದಿದ್ದ ಹಳೆಯ ಗಿರಾಕಿಯನ್ನು ಕರೆದು ಮಾತಾಡಿಸಿದ್ದರಂತೆ. ಆಕೆ ಗಾಬರಿಯಾಗಿ, “ಅಣ್ಣಾರ, ನಿಮ್ಮ ಉದ್ರಿ ಇನ್ನೂ ಎಂಟುನೂರು ಐತ್ರಿ, ದೀಪಾವಳಿಗೆ ಕೊಡ್ತೇನ್ರಿ” ಎಂದರಂತೆ. ಇದನ್ನು ಹೇಳುವಾಗ ಮೊದಲ ಸಲ ನಕ್ಕರು.

ಹಳೆಯ ಪ್ರಶ್ನೆಗೆ ಉತ್ತರವೂ ಅವತ್ತೇ ಬಂತು. ಸ್ವಂತ ಅಂಗಡಿ ಇದ್ದಾಗ ಅಲ್ಲಿ ವಯಸ್ಸಾದ ಒಬ್ಬರು ಇವರ ಕೈಕೆಳಗೆ ಕೆಲಸಕ್ಕಿದ್ದರು. ಒಂದು ಕಾಲಕ್ಕೆ ಸ್ವಂತ ಅಂಗಡಿ ಇಟ್ಟು ಕಳೆದುಕೊಂಡವರು. ಆ ಹಿರಿಯರನ್ನು ನೋಡಿ ಸೀರೆ ಮಡಚುವ ಆ ಮಾತನ್ನು ಗಲ್ಲಾದ ಮೇಲೆ ಕೂತು ಗೆಳೆಯರಿಗೆ ಹೇಳಿ ನಕ್ಕಿದ್ದು, ನನ್ನೆದುರು ಕೂತಿದ್ದ ಇವರೇ.

ಕ್ಷಮೆ ಕೇಳಿ ಅಂತ ನಾನು ಹೇಳಿರಲಿಲ್ಲ. ಆದರೂ ಒಂದು ಭಾನುವಾರ ಆ ಹಿರಿಯರ ಮನೆ ಹುಡುಕಿಕೊಂಡು ಹೋಗಿದ್ದರು. ಅವತ್ತು ಆ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಗೊತ್ತಾಗಲಿಲ್ಲವಂತೆ. ಚಹಾ ಕೊಟ್ಟು ಅವರು ಕೇಳಿದ್ದು ಒಂದೇ: “ಪಗಾರ ಬರೋಬರಿ ಕೊಡ್ತಾರಿಲ್ರಿ ಸಾವ್ಕಾರ್ರ?”